ಮೇನ್ ಜೆಟ್‌ಗೆ ಕೈ ಹಾಕುವ ಮೊದಲು ಟ್ಯಾಂಕ್ ಮುಚ್ಚಳ ನೋಡಿ

ಪೆಟ್ರೋಲ್‌ಗೇ ಆಯಿಲ್ ಬೆರೆಸಿ ಓಡಿಸುವ ಹಳೇ ಟೂ-ಸ್ಟ್ರೋಕ್ ಗಾಡಿಯೊಂದು ಪಿಸ್ಟನ್ ಜಾಮ್ ಆಗಿ ನಿಂತುಹೋಯಿತು. ಮೊದಲಿಗೆ ಇದ್ದ ದೂರು ಇಷ್ಟೇ: ನಿಧಾನಕ್ಕೆ ಹೋದರೆ ತಕರಾರಿಲ್ಲ, 70 ದಾಟಿಸಿ ಸ್ವಲ್ಪ ದೂರ ಎಳೆದರೆ ಎಂಜಿನ್ ಮುಗ್ಗರಿಸುತ್ತದೆ. ಮೆಕ್ಯಾನಿಕ್ ಓಡಿಸುತ್ತಲೇ ಗಾಳಿ ತಗ್ಗಿಸಿ ಪೆಟ್ರೋಲ್ ಪಾಲು ಹೆಚ್ಚಿಸುವ ಚೋಕ್ ಅರ್ಧ ಎಳೆದು ನೋಡಿದರು, ಸುಧಾರಿಸಿತು. ಪೆಟ್ರೋಲ್ ಸಾಲುತ್ತಿಲ್ಲ, ಆದ್ದರಿಂದ ಜೆಟ್ (ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬರೇಟರ್‌ನಲ್ಲಿ ಪೆಟ್ರೋಲನ್ನು ಅಳೆದು ಬಿಡುವ, ತೂತಿರುವ ತುಣುಕು) ಸಣ್ಣದು ಎಂದು ತೀರ್ಮಾನಿಸಿ ಮೇನ್ ಜೆಟ್‌ನ ತೂತನ್ನು ಕೊರೆದು ದೊಡ್ಡದು ಮಾಡಿದರು. ಪೆಟ್ರೋಲ್ ಸಾಲುತ್ತಿಲ್ಲ ಎಂದದ್ದು ಸರಿ, ಜೆಟ್ ಸಣ್ಣದು ಎಂದದ್ದು ತಪ್ಪು. ಟ್ಯಾಂಕಿಗೆ ಹೊಸದಾಗಿ ಬಣ್ಣ ಹೊಡೆದಾಗ ಮುಚ್ಚಳದ ಗಾಳಿತೂತಿನೊಳಗೂ ಬಣ್ಣ ಇಳಿದು ಗಟ್ಟಿಯಾಗಿತ್ತು. ಅದು ಗೊತ್ತಾದದ್ದು ಪಿಸ್ಟನ್ ಹೋದ ಮೇಲೆ.

ಪೆಟ್ರೋಲ್ ಕೆಳಗಿಳಿದಷ್ಟೂ ಮೇಲಿನಿಂದ ಗಾಳಿ ಒಳಬರಬೇಕು. ಬಾರದಿದ್ದರೆ ಟ್ಯಾಂಕಿನಲ್ಲಿ ನಿರ್ವಾತ ಕಟ್ಟಿ ಹರಿವು ಇಳಿಯುತ್ತದೆ. ನಿಧಾನ ಓಟಕ್ಕೆ ಆ ಸಣ್ಣ ಹರಿವೂ ಸಾಕಾಗುವುದರಿಂದ ದೋಷ ಕಾಣುವುದಿಲ್ಲ. ವೇಗದಲ್ಲಿ ಮಾತ್ರ ಕಾರ್ಬರೇಟರ್ ಬೌಲ್‌ನ (ಪೆಟ್ರೋಲ್ ನಿಲ್ಲುವ ಬಟ್ಟಲಿನ) ಮಟ್ಟ ಕುಸಿದು ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ. ಅಂಥ ಕಡೆ ಜೆಟ್ ದೊಡ್ಡದು ಮಾಡಿದರೆ ಬೌಲ್ ಇನ್ನೂ ಬೇಗ ಬರಿದಾಗುತ್ತದೆ, ಅಷ್ಟೆ. ಆಯಿಲ್ ಬರುವುದೂ ಪೆಟ್ರೋಲ್ ಜೊತೆಗೇ ಆದ್ದರಿಂದ ತೆಳು ಮಿಶ್ರಣದಿಂದ ಪಿಸ್ಟನ್‌ಗೆ ಶಾಖ ಏರುವ ಹೊತ್ತಿಗೇ ಎಣ್ಣೆಯೂ ತಪ್ಪುತ್ತದೆ.

ಚೋಕ್ ಪರೀಕ್ಷೆಯಿಂದ ಮಿಶ್ರಣ ತೆಳುವಾಗಿದೆ ಎಂದಷ್ಟೇ ತಿಳಿಯುತ್ತದೆ, ಯಾಕೆ ಎಂದು ತಿಳಿಯುವುದಿಲ್ಲ. ಅದಕ್ಕೆ ಗಡಿಯಾರ ನೋಡಬೇಕು. ಜೆಟ್ ನಿಜವಾಗಿಯೂ ಸಣ್ಣದಿದ್ದರೆ ಆಕ್ಸಿಲರೇಟರ್ ಪೂರ್ತಿ ತಿರುವಿದ ಕೂಡಲೇ ದೋಷ ಕಾಣುತ್ತದೆ. ತುಸು ಹಿಂದಕ್ಕೆ ಬಿಟ್ಟರೆ ಎಂಜಿನ್ ಚುರುಕಾಗುತ್ತದೆ. ಒಂದೆರಡು ಕಿಲೋಮೀಟರ್ ಚೆನ್ನಾಗಿ ಎಳೆದು ಆಮೇಲೆ ಸೋತರೆ, ಎರಡು ನಿಮಿಷ ನಿಲ್ಲಿಸಿದಾಗ ಮತ್ತೆ ಸರಿಹೋದರೆ, ಅನುಮಾನ ಟ್ಯಾಂಕಿನಿಂದ ಬೌಲ್‌ವರೆಗಿನ ದಾರಿಯ ಮೇಲೆ. ಸೋತ ಕೂಡಲೇ ಗಾಡಿ ನಿಲ್ಲಿಸಿ ಮುಚ್ಚಳ ತೆರೆಯಿರಿ. ಗಾಳಿ ಒಳಗೆಳೆದ 'ಸುಸ್' ಸದ್ದು ಕೇಳಿದರೆ ಹುಡುಕಾಟ ಅಲ್ಲಿಗೇ ಮುಗಿಯಿತು. ಟ್ಯಾಂಕ್ ತುಂಬಿದ್ದಾಗ ಒಳಗೆ ಗಾಳಿಯ ಜಾಗ ಕಡಿಮೆ, ನಿರ್ವಾತ ಬೇಗ ಕಟ್ಟುತ್ತದೆ. ಆದ್ದರಿಂದ ತುಂಬಿದ ಟ್ಯಾಂಕಿನಲ್ಲೇ ಪರೀಕ್ಷಿಸಿ.

ಸದ್ದು ಬರದಿದ್ದರೆ ಹರಿವನ್ನು ಅಳೆಯಿರಿ. ಎಂಜಿನ್ ತಣ್ಣಗಿರಲಿ, ಜಾಗ ಬಯಲಾಗಿರಲಿ, ಹತ್ತಿರ ಬೆಂಕಿಯ ಸುಳಿವೂ ಬೇಡ. ಕಾರ್ಬರೇಟರ್‌ ಕಡೆಯ ಪೈಪ್ ಬಿಚ್ಚಿ ದೊಡ್ಡ ಅಳತೆ ಪಾತ್ರೆಗೆ ಬಿಡಿ, ಮುಚ್ಚಳ ಹಾಕಿಯೇ ಇರಬೇಕು. ಲೆಕ್ಕ ಸುಲಭ: 80 ಕಿ.ಮೀ. ವೇಗದಲ್ಲಿ ಲೀಟರಿಗೆ 20 ಕಿ.ಮೀ. ಕೊಡುವ ಗಾಡಿ ಗಂಟೆಗೆ 4 ಲೀಟರ್, ಅಂದರೆ ನಿಮಿಷಕ್ಕೆ ಸುಮಾರು 67 ಮಿ.ಲೀ. ಕುಡಿಯುತ್ತದೆ. ಅದರ ಎರಡರಷ್ಟಾದರೂ, ಹೆಚ್ಚುಕಡಿಮೆ 150 ಮಿ.ಲೀ., ನಿಮಿಷಕ್ಕೆ ಬರಬೇಕು. ಒಂದೇ ನಿಮಿಷಕ್ಕೆ ನಿಲ್ಲಿಸಬೇಡಿ, ಐದು ನಿಮಿಷ ಬಿಡಿ. ಮೊದಲ ನಿಮಿಷ ಧಾರಾಳವಾಗಿ ಬಂದು ಐದನೆಯದರಲ್ಲಿ ತೊಟ್ಟಿಕ್ಕಿದರೆ ಗಾಳಿತೂತು. ಮೊದಲಿನಿಂದಲೂ ಸಣ್ಣಗೇ ಬಂದರೆ ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್‌ನ ಜಾಲರಿಯಲ್ಲಿ ತುಕ್ಕು, ಇಲ್ಲವೇ ಮಡಚಿದ ಪೈಪ್, ಇಲ್ಲವೇ ಯಾರೋ ಅಕ್ಕರೆಯಿಂದ ಹಾಕಿಸಿದ ಹೆಚ್ಚುವರಿ ಫಿಲ್ಟರ್. ರಿಸರ್ವ್‌ಗೆ ತಿರುಗಿಸಿದಾಗ ಮಾತ್ರ ಹರಿವು ಹೆಚ್ಚಿದರೆ ಮೇನ್ ಕೊಳವೆಯೇ ಕಟ್ಟಿದೆ. ಹರಿವೆಲ್ಲ ಸರಿಯಿದ್ದರೆ ಬೌಲ್ ಬಿಚ್ಚಿ ಅದರೊಳಗೆ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್‌ನ ಮಟ್ಟ ನೋಡಿ.

ತಡವಾಗಿ ಕಾಣುವ ಇನ್ನೊಂದು ದೋಷ, ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್‌ನದು. ಅದು ಕಾದು ಬಿಸಿಯಾಗಬೇಕು, ಹಾಗಾಗಿ ಹೊತ್ತು ಹಿಡಿಯುತ್ತದೆ; ಎರಡು ನಿಮಿಷ ನಿಲ್ಲಿಸಿದರೆ ಸಾಲದು, ಪೂರ್ತಿ ತಣಿಯಬೇಕು. ಮುಚ್ಚಳ ತೆರೆದರೂ ಏನೂ ಬದಲಾಗುವುದಿಲ್ಲ. ಪಾಯಿಂಟ್ (ಕಾಯಿಲ್‌ನ ವಿದ್ಯುತ್ ಕಡಿದು ಕಿಡಿ ಹುಟ್ಟಿಸುವ ಸ್ವಿಚ್) ಸುಡದಂತೆ ಕಾಯುವ ಕಂಡೆನ್ಸರ್ ಕೆಟ್ಟಿದ್ದರೆ ಪಾಯಿಂಟ್ ಕಪ್ಪಾಗಿ ಸುಟ್ಟಿರುತ್ತದೆ. ಪಾಯಿಂಟ್ ಗ್ಯಾಪ್ ಬಹಳಷ್ಟು ಹಳೇ ಗಾಡಿಗಳಲ್ಲಿ 0.3ರಿಂದ 0.4 ಮಿ.ಮೀ. ಇರುತ್ತದೆ, ಕೊನೆಯ ಮಾತು ಮ್ಯಾನ್ಯುಯಲ್‌ನದು. ಗ್ಯಾಪ್ ಹೆಚ್ಚಿಸಿದರೆ ಟೈಮಿಂಗ್ ಮುಂದಕ್ಕೆ ಸರಿಯುತ್ತದೆ (ಕಿಡಿ ಬೇಗ ಹಾರುತ್ತದೆ), ಆದ್ದರಿಂದ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ತಿರುಗಾಮುರುಗಾ ಮಾಡಿ ಪಿಸ್ಟನ್ ತಲೆಗೆ ತೂತು ಬೀಳಿಸಿಕೊಂಡವರೂ ಇದ್ದಾರೆ. ಫೋರ್-ಸ್ಟ್ರೋಕ್‌ನಲ್ಲಿ ವೇಗಕ್ಕೆ ತಕ್ಕಂತೆ ಟೈಮಿಂಗ್ ಮುಂದೆ ಸರಿಸುವ ಅಡ್ವಾನ್ಸ್ ತೂಕಗಳು ತುಕ್ಕು ಹಿಡಿದು ಅಂಟಿಕೊಂಡಿದ್ದರೆ ಎಂಜಿನ್ ಸ್ಟಾರ್ಟ್ ಆಗುವುದರಲ್ಲಿ ಕುಂದಿರುವುದಿಲ್ಲ, ವೇಗದಲ್ಲಿ ಮಾತ್ರ ಸಪ್ಪೆ. ಟೈಮಿಂಗ್ ಲೈಟ್ ಹಿಡಿದು ರೇಸ್ ಕೊಟ್ಟಾಗ ಗುರುತು ಸರಿಯದಿದ್ದರೆ ಅದೇ ಕಾರಣ.

ಉಳಿದವು ಬೇಗ ಗೊತ್ತಾಗುತ್ತವೆ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಏರ್ ಫಿಲ್ಟರ್ ಬಿಚ್ಚಿ ಆಕ್ಸಿಲರೇಟರ್ ಪೂರ್ತಿ ತಿರುವಿ: ಕಾರ್ಬರೇಟರ್‌ನ ಗಾಳಿದಾರಿ ತೆರೆಯುವ ಸ್ಲೈಡ್‌ನ ತುದಿ ಇನ್ನೂ ಇಣುಕುತ್ತಿದ್ದರೆ ಕೇಬಲ್ ಹೊಂದಿಸಬೇಕು. ಟೂ-ಸ್ಟ್ರೋಕ್‌ನಲ್ಲಿ ಸೈಲೆನ್ಸರಿನ ಕಾರ್ಬನ್ ಹಲವು ತಿಂಗಳಿಂದ ಮೆಲ್ಲಗೆ ಶಕ್ತಿ ತಿಂದಿರುತ್ತದೆ. ಅದು ನಿನ್ನೆ ಇದ್ದಕ್ಕಿದ್ದಂತೆ ಶುರುವಾದ ದೂರಲ್ಲ.

ಕಾರಣ ಸಿಗುವತನಕ ಪೂರ್ತಿ ಆಕ್ಸಿಲರೇಟರ್‌ನಲ್ಲಿ ಎಳೆಯಬೇಡಿ. ಪರೀಕ್ಷೆಗೆಂದು ಓಡಿಸುವಾಗ ಖಾಲಿ ರಸ್ತೆ ಇರಲಿ, ಎರಡು ಬೆರಳು ಕ್ಲಚ್ ಮೇಲಿರಲಿ. ಎಂಜಿನ್ ಬಿಗಿದಂತೆ ಅನ್ನಿಸಿದ ಕ್ಷಣವೇ ಹಿಡಿದುಬಿಡಿ, ಇಲ್ಲದಿದ್ದರೆ ಹಿಂದಿನ ಚಕ್ರ ಲಾಕ್ ಆಗುತ್ತದೆ. ಮಿಶ್ರಣ ತಿಳಿಯಲು ಪ್ಲಗ್ ಬಣ್ಣ ನೋಡುವುದಿದ್ದರೆ ವೇಗದಲ್ಲೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಉರುಳಿಕೊಂಡು ನಿಂತ ಮೇಲೆ ಬಿಚ್ಚಿ. ಎಂಜಿನ್ನನ್ನು ಸ್ಲೋನಲ್ಲಿ (ಆಕ್ಸಿಲರೇಟರ್ ಕೊಡದೆ) ಬಿಟ್ಟು ಆಮೇಲೆ ನೋಡಿದರೆ ಕಾಣುವುದು ಸ್ಲೋ ಬಣ್ಣ.

ಪಿಸ್ಟನ್ ಆಗಲೇ ಹೋಗಿದ್ದರೆ ಹೊಸದು ಕೂರಿಸುವ ಮೊದಲು ಕಂಪನಿ ಅಳತೆಯ ಮೇನ್ ಜೆಟ್ ವಾಪಸ್ ಹಾಕಿ. ಕೊರೆದ ಜೆಟ್ಟನ್ನು ಇರಲಿ ಎಂದು ಡಬ್ಬಿಯಲ್ಲಿ ಇಟ್ಟುಕೊಳ್ಳಬೇಡಿ. ತೂತಿನ ಅಳತೆ ಹೇಳುವ ಅದರ ಮೇಲಿನ ನಂಬರ್ ಈಗ ಸುಳ್ಳು.