ಮೀಟರ್ ಕೇಬಲ್ ಕಳಚಿದ ಗಾಡಿಯನ್ನು ಹಾಗೇ ಓಡಿಸಬೇಡಿ

ಹಳೇ ಫಿಯಟ್, ಅಂಬಾಸಿಡರ್, ಮೊದಮೊದಲ ಮಾರುತಿ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸ್ಪೀಡೋಮೀಟರ್ ಮುಳ್ಳು ಸೊನ್ನೆ ಬಿಟ್ಟು ಏಳುತ್ತಿಲ್ಲ, ಕೇಬಲ್ ಕಳಚಿರಬೇಕು, ಬಿಡುವಾದಾಗ ಹಾಕಿಸಿದರಾಯಿತು ಅಂತ ಓಡಾಡುತ್ತಿದ್ದೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಹೋದ ಕಾರ್ತೀಕದಲ್ಲಿ ಒಂದು ರಾತ್ರಿ, ಭರಮಸಾಗರ ದಾಟಿ ಇನ್ನೂ ಆನಗೋಡು ಬಂದಿರಲಿಲ್ಲ, ಹೈವೇ ಮೇಲೆ ನಮ್ಮ ಗಾಡಿಯ ಹಿಂದಿನ ಲೈಟು ಎರಡೂ ಆರಿಹೋಗಿದ್ದವು. ಬೆನ್ನಿಗೆ ಲಾರಿಗಳ ಸಾಲು. ಗಾಡಿಯಲ್ಲಿ ಎಪ್ಪತ್ತೆರಡು ವರ್ಷದ ಅವ್ವ, ನನ್ನ ಹೆಂಡತಿ, ಅವಳ ತೊಡೆ ಮೇಲೆ ನಿದ್ದೆ ಹೋಗಿದ್ದ ಮಗಳು. ಅದಕ್ಕೆ ಕಾರಣವಾಗಿದ್ದು ಇದೇ ಮೀಟರ್ ಕೇಬಲ್ಲು.

ನಮ್ಮದು ಅಪ್ಪ ತೆಗೆದುಕೊಂಡಿದ್ದ ಪ್ರೀಮಿಯರ್ ಪದ್ಮಿನಿ. ದಾವಣಗೆರೆಯಲ್ಲಿ ಅದನ್ನು ಪದ್ಮಿನಿ ಅಂತ ಕರೆದವರನ್ನು ನಾನು ನೋಡಿಲ್ಲ, ಎಲ್ಲರ ಬಾಯಲ್ಲೂ ಫಿಯಟ್ಟೇ. 1089 ಸಿಸಿ ಇಂಜಿನ್, ಸ್ಟೇರಿಂಗ್ ಕೆಳಗೇ ಗೇರ್ ಕಡ್ಡಿ. ಅಪ್ಪ ಹೋದ ಮೇಲೂ ಮಾರಲು ಮನಸ್ಸಾಗಲಿಲ್ಲ. ವಾರಕ್ಕೊಮ್ಮೆ ಹರಿಹರ, ತಿಂಗಳಿಗೊಮ್ಮೆ ಚಿತ್ರದುರ್ಗ, ಇಷ್ಟಕ್ಕೆ ಅದು ಯಾವತ್ತೂ ಕೈಕೊಟ್ಟಿರಲಿಲ್ಲ.

ಮೊದಲು ಮುಳ್ಳು ಕುಣಿಯಲು ಶುರುವಾಯಿತು. ನಲವತ್ತರಲ್ಲಿ ಹೋಗುತ್ತಿದ್ದರೆ ಇಪ್ಪತ್ತಕ್ಕೂ ಎಪ್ಪತ್ತಕ್ಕೂ ಹಾರುತ್ತಿತ್ತು. ಆಮೇಲೆ ಒಂದು ದಿನ ಮಲಗಿಬಿಟ್ಟಿತು, ಕಿಲೋಮೀಟರ್ ಅಂಕಿಯೂ ನಿಂತಿತು. ನಮ್ಮ ಏರಿಯಾದ ಒಂದು ಶೆಡ್ಡಿಗೆ ಒಯ್ದೆ. ಯಾವ ಶೆಡ್ಡು ಅಂತ ಹೇಳುವುದಿಲ್ಲ. ಈ ಕೆಲಸವನ್ನು ಹೀಗೆ ಮಾಡುವವರು ಅವರೊಬ್ಬರೇ ಅಲ್ಲ, ನನಗೆ ಬೇಕಾಗಿರುವುದು ನೀವು ಹುಷಾರಾಗುವುದು. ಹುಡುಗ ಸೀಟಿನ ಕೆಳಗೆ ಬೆನ್ನುಕೊಟ್ಟು ಮಲಗಿ, ಡ್ಯಾಶ್‌ಬೋರ್ಡ್ ಅಡಿಯಿಂದ ಕುರುಡಾಗಿ ಕೈ ಹಾಕಿದ. ಬ್ಯಾಟರಿ ವೈರು ತೆಗೆಯಲಿಲ್ಲ. ನಟ್ಟು ಕೂರಲಿಲ್ಲವೆಂದು ಇಕ್ಕಳದಲ್ಲಿ ಹಿಡಿದು ತಿರುವಿದ. ಚೂಡಿ, ಅಂದರೆ ನಟ್ಟಿನೊಳಗಿನ ತಿರುಪಿನ ಗೆರೆ, ಹೋಗಿದೆ ಅಂತ ಮೇಲೆ ಕಪ್ಪು ಟೇಪು ಸುತ್ತಿದ. ಕೇಬಲ್ ತುದಿಗೆ ಬೆರಳ ತುಂಬ ಗ್ರೀಸು ತುರುಕಿದ. ಅರ್ಧ ತಾಸಿನಲ್ಲಿ ಎದ್ದು ಬಂದ. "ಆತು ಬಿಡ್ರಿ ಸಾರ್, ಇನ್ನ ಹತ್ತು ವರ್ಷ ಏನೂ ಆಗಂಗಿಲ್ಲ" ಅಂದ. ಮುಳ್ಳು ಏಳುತ್ತಿತ್ತು, ನಾನು ದುಡ್ಡು ಕೊಟ್ಟು ಬಂದೆ.

ಎರಡು ವಾರ ಕಳೆದಿರಲಿಲ್ಲ, ಚಿತ್ರದುರ್ಗದಲ್ಲಿ ಅಕ್ಕನ ಮಗಳ ಕುಬುಸದ ಕಾರ್ಯ. ಹೋಗುವಾಗಲೇ ಭರಮಸಾಗರದ ಹತ್ತಿರ ಮುಳ್ಳು ಮತ್ತೆ ಮಲಗಿತು. ಡ್ಯಾಶ್‌ಬೋರ್ಡ್ ಒಳಗಿನಿಂದ ಕಿರ್ ಕಿರ್ ಅಂತ ಸಣ್ಣ ಸದ್ದು. ನಾನು ಗಾಡಿ ನಿಲ್ಲಿಸಲಿಲ್ಲ. ಕಿಲೋಮೀಟರ್ ಕಲ್ಲು ನೋಡಿಕೊಂಡು ಗಡಿಯಾರ ಹಿಡಿದರೆ ಸ್ಪೀಡು ಗೊತ್ತಾಗುತ್ತದೆ. ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ 60 ಸೆಕೆಂಡ್ ಹಿಡಿದರೆ ಗಂಟೆಗೆ 60 ಕಿಲೋಮೀಟರ್, 45 ಸೆಕೆಂಡ್ ಆದರೆ 80. ಅಪ್ಪ ಕಲಿಸಿದ್ದ ಲೆಕ್ಕ ಅದು. ಅದನ್ನೇ ನಂಬಿ ಹೋದೆ, ರಾತ್ರಿ ಊಟ ಮುಗಿಸಿಕೊಂಡು ಅದೇ ಸ್ಥಿತಿಯಲ್ಲಿ ಹೊರಟೆ. ಅಲ್ಲೇ ನಾನು ತಪ್ಪಿದ್ದು. ನನ್ನ ತಲೆಯಲ್ಲಿ ಇದ್ದದ್ದು ಸ್ಪೀಡು ತಿಳಿಯುವುದಿಲ್ಲ ಅನ್ನುವ ತೊಂದರೆ ಮಾತ್ರ.

ಈ ಕೇಬಲ್ ಅಂದರೆ ಬ್ರೇಕ್ ಕೇಬಲ್ ಥರ ಎಳೆಯುವ ಕೇಬಲ್ ಅಲ್ಲ, ತಿರುಗುವ ಕೇಬಲ್. ಹೊರಗೆ ಒಂದು ಕೊಳವೆ, ಒಳಗೆ ಉಕ್ಕಿನ ಎಳೆಗಳನ್ನು ಬಿಗಿಯಾಗಿ ಹೊಸೆದ ಇನ್ನರ್. ಅದರ ತುದಿ ಚೌಕಾಕಾರ. ಕೆಳತುದಿ ಗೇರ್‌ಬಾಕ್ಸಿನ ಸಣ್ಣ ಹಲ್ಲುಗಾಲಿಗೆ ಸೇರಿಕೊಂಡಿರುತ್ತದೆ, ಮೇಲಿನ ತುದಿ ಮೀಟರ್ ಹಿಂದಿನ ಚೌಕ ತೂತಿನಲ್ಲಿ ಕೂರುತ್ತದೆ. ಮೀಟರ್ ಒಳಗೆ ಅದು ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಆ ಅಯಸ್ಕಾಂತ ಮುಟ್ಟದೆಯೇ ಒಂದು ಅಲ್ಯೂಮಿನಿಯಂ ಬಟ್ಟಲನ್ನು ತನ್ನ ಜೊತೆ ಎಳೆಯುತ್ತದೆ, ಕೂದಲೆಳೆಯಂಥ ಸ್ಪ್ರಿಂಗು ಅದನ್ನು ಹಿಂದಕ್ಕೆ ಎಳೆಯುತ್ತದೆ, ಇವೆರಡರ ಜಗ್ಗಾಟ ಎಲ್ಲಿ ಸಮವಾಗುತ್ತದೋ ಅಲ್ಲಿ ಮುಳ್ಳು ನಿಲ್ಲುತ್ತದೆ. ಹಳೇ ಗಾಡಿಗಳಲ್ಲಿ ಇನ್ನರ್ ಒಂದು ಕಿಲೋಮೀಟರಿಗೆ ಆರುನೂರರಿಂದ ಸಾವಿರ ಸುತ್ತು ತಿರುಗುವುದು ಸಾಮಾನ್ಯ. ಅರವತ್ತರ ಸ್ಪೀಡಿನಲ್ಲಿ ಅಂದರೆ ಸೆಕೆಂಡಿಗೆ ಹತ್ತು ಸುತ್ತಿಗೂ ಮೇಲೆ. ಮೇಲಿನ ನಟ್ಟು ಕಳಚಿದರೂ ಗಾಡಿ ಓಡುವಷ್ಟು ಹೊತ್ತು ಆ ಉಕ್ಕಿನ ತುದಿ ತಿರುಗುತ್ತಲೇ ಇರುತ್ತದೆ. ನಮ್ಮ ಗಾಡಿಯಲ್ಲಿ ಅದು ಮೀಟರ್ ಹಿಂದಿನ ವೈರುಗಳ ಮಧ್ಯೆ ಬಿದ್ದಿತ್ತು. ಹೋಗುವಾಗಲೂ ಬರುವಾಗಲೂ ಸೇರಿ ಎಪ್ಪತ್ತು ಕಿಲೋಮೀಟರಿನಷ್ಟು ದೂರ ವೈರಿನ ಮೇಲೆ ಉಜ್ಜಿಕೊಂಡು ಬಂದಿತ್ತು.

"ಏನೋ ಸುಟ್ಟ ವಾಸ್ನಿ ಬರ್ತೈತಲ್ಲೋ ತಮ್ಮಾ" ಅಂತ ಮೊದಲು ಹೇಳಿದ್ದು ಅವ್ವ. ಹೊಲದಲ್ಲಿ ಕಸ ಸುಡುತ್ತಿರಬೇಕು ಅಂದೆ. ಮರುಕ್ಷಣ ಮೀಟರ್ ಒಳಗಿನ ಸಣ್ಣ ಬಲ್ಬು ಆರಿತು. ಹೆಡ್‌ಲೈಟು ಉರಿಯುತ್ತಿದ್ದದ್ದರಿಂದ ನನಗೆ ಇನ್ನೇನೂ ತಿಳಿಯಲಿಲ್ಲ. ಪಕ್ಕದಲ್ಲಿ ಒಂದು ಲಾರಿ ಬಂದು ಉದ್ದಕ್ಕೆ ಹಾರ್ನ್ ಹೊಡೆಯಿತು, ಕ್ಲೀನರ್ ಹುಡುಗ ಅರ್ಧ ಮೈ ಹೊರಗೆ ಹಾಕಿ, "ಅಣ್ಣಾ, ಹಿಂದ ಲೈಟೇ ಇಲ್ರೀ, ಸೈಡಿಗ್ ಹಾಕ್ರೀ!" ಅಂತ ಕೂಗಿದ. ಆ ಹುಡುಗ ಯಾರೋ, ಯಾವ ಊರಿನವನೋ, ಅವನಿಗೆ ನಾನು ಋಣಿ.

ಇಂಡಿಕೇಟರ್ ಹಾಕಿಕೊಂಡು ಮುಂದಿನ ಪೆಟ್ರೋಲ್ ಬಂಕಿನವರೆಗೆ ನಿಧಾನವಾಗಿ ಬಂದೆವು. ನಮ್ಮ ಗಾಡಿಯಲ್ಲಿ ಮೀಟರ್ ಬಲ್ಬೂ ಹಿಂದಿನ ಲೈಟೂ ಒಂದೇ ಫ್ಯೂಸಿಗೆ ಸೇರಿವೆ. ಬಲ್ಬಿನ ವೈರು ಗಾಡಿಯ ತಗಡಿಗೆ ತಾಗಿ ಶಾರ್ಟ್ ಆಗಿ ಫ್ಯೂಸು ಹಾರಿತ್ತು. ಬಂಕಿನಲ್ಲಿದ್ದ ಒಬ್ಬರು ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಫ್ಯೂಸು ಹಾಕಿ ಅಂತ ಸಲಹೆ ಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಆದರೆ ಅದನ್ನು ಯಾವ ಕಾರಣಕ್ಕೂ ಮಾಡಬೇಡಿ. ಶಾರ್ಟ್ ಹಾಗೇ ಇರುವಾಗ ಫ್ಯೂಸು ಹಾರದಂತೆ ತಡೆದರೆ ಮುಂದೆ ಸುಡುವುದು ವೈರು, ಆಮೇಲೆ ಡ್ಯಾಶ್‌ಬೋರ್ಡು.

ತಮ್ಮನಿಗೆ ಫೋನ್ ಮಾಡಿದೆ. ಅವನು ದಾವಣಗೆರೆಯಿಂದ ತನ್ನ ಗಾಡಿ ತಂದ. ಮೊಬೈಲ್ ಬೆಳಕಿನಲ್ಲಿ ನೋಡಿದೆವು. ಕೊಳವೆಯ ಬಾಯಿಂದ ಇನ್ನರ್ ಬೆರಳುದ್ದ ಹೊರಗೆ ಬಂದಿತ್ತು. ಚೌಕ ತುದಿಯ ನಾಲ್ಕು ಮೂಲೆಯೂ ಸವೆದು ಗುಂಡಗಾಗಿ, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅದರ ಪಕ್ಕದಲ್ಲೇ ಒಂದು ವೈರಿನ ಹೊದಿಕೆ ಅಕ್ಕಿಕಾಳಿನಷ್ಟು ಕಿತ್ತುಹೋಗಿ ಒಳಗಿನ ತಾಮ್ರ ಕೆಂಪಗೆ ಕಾಣುತ್ತಿತ್ತು. ಆ ಅಕ್ಕಿಕಾಳಿನಷ್ಟು ತಾಮ್ರ ಈಗಲೂ ಕಣ್ಣಮುಂದೆ ಬರುತ್ತದೆ. ಇನ್ನರನ್ನು ಕೈಯಲ್ಲಿ ಹಿಡಿದು ಎಳೆದೆವು, ಮಾರುದ್ದದ ತಂತಿ ಗ್ರೀಸು ಮೆತ್ತಿಕೊಂಡು ಪೂರ್ತಿ ಹೊರಬಂತು. ಮೂವರನ್ನೂ ತಮ್ಮನ ಗಾಡಿಗೆ ಹತ್ತಿಸಿದೆ. ನಾನು ಮುಂದೆ, ಅವನು ಬೆನ್ನಿಗೇ ಎರಡೂ ಕಡೆ ಇಂಡಿಕೇಟರ್ ಮಿನುಗಿಸುತ್ತಾ. ಮನೆ ಸೇರಿದಾಗ ಒಂದು ಗಂಟೆ ದಾಟಿತ್ತು.

ಮಾರನೇ ದಿನ ಅಪ್ಪನ ಕಾಲದ ಒಬ್ಬ ಹಿರಿಯ ಮಿಸ್ತ್ರಿಯನ್ನು ಹುಡುಕಿಕೊಂಡು ಹೋದೆ. ಅವರು ಮೊದಲು ಮಾಡಿದ್ದು ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿದ್ದು. ಮೀಟರ್ ಹಿಂದೆ ಕೈ ಹಾಕುವ ಮುಂಚೆ ಇದು ಆಗಲೇಬೇಕು. ಹಳೇ ಇನ್ನರನ್ನು ಒರೆಸಿ ಕಡಪಾ ಕಲ್ಲಿನ ಮೇಲೆ ಅಂಗೈಯಲ್ಲಿ ಉರುಳಿಸಿದರು. ನೆಟ್ಟಗಿದ್ದರೆ ಸಲೀಸಾಗಿ ಉರುಳುತ್ತದೆ, ನಮ್ಮದು ಒಂದು ಕಡೆ ಟಪಕ್ ಟಪಕ್ ಅಂತ ಎಗರುತ್ತಿತ್ತು. "ಇಲ್ಲಿ ಮಡಚೈತಿ ನೋಡ್ರಿ. ಮುಳ್ಳು ಕುಣೀತಿದ್ದದ್ದು ಇದಕ್ಕ" ಅಂದರು. ಅಂದರೆ ಮೊದಲ ಸಲ ಶೆಡ್ಡಿಗೆ ಹೋದಾಗಲೇ ಬೇಕಿದ್ದದ್ದು ಹೊಸ ಕೇಬಲ್ಲು, ಕಳಚಿದ್ದನ್ನು ಮತ್ತೆ ತುರುಕುವುದಲ್ಲ. ಕುಣಿಯುವ ಮುಳ್ಳು ಹೇಳುವುದು ಸಾಮಾನ್ಯವಾಗಿ ಇದನ್ನೇ: ಇನ್ನರ್ ಮಡಿಚಿದೆ, ಇಲ್ಲವೇ ಒಣಗಿದೆ. ಮುಳ್ಳೂ ಕಿಲೋಮೀಟರ್ ಅಂಕಿಯೂ ಒಟ್ಟಿಗೆ ನಿಂತರೆ ಕೇಬಲ್ ಕಡೆ ಅಥವಾ ಗೇರ್‌ಬಾಕ್ಸ್ ತುದಿ ನೋಡಬೇಕು. ಎರಡರಲ್ಲಿ ಒಂದೇ ನಿಂತಿದ್ದರೆ ಮೀಟರಿನಲ್ಲೇ ತೊಂದರೆ.

ಹೊಸ ಕೇಬಲ್ ಕೂರಿಸುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಕೆಳತುದಿ ಸಿಕ್ಕಿಸಿ, ಮೇಲಿನ ತುದಿ ಹಾಗೇ ಬಿಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಗಾಡಿಯನ್ನು ಹತ್ತು ಅಡಿ ತಳ್ಳಿಸಿದರು. ಮೇಲೆ ಇನ್ನರ್ ತುದಿ ತಿರುಗಿತು, ಕೆಳಗೆ ಸರಿಯಾಗಿ ಕೂತಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಆಮೇಲೆ ಚೌಕ ತುದಿಯನ್ನು ಮೀಟರಿನ ತೂತಿಗೆ ಇಟ್ಟು ಎರಡು ಬೆರಳಲ್ಲಿ ಮೆಲ್ಲಗೆ ತಿರುಗಿಸುತ್ತಾ ಹೋದರು. ಒಂದು ಕಡೆ ತಾನಾಗಿ ಒಳಗೆ ಜಾರಿತು. ನನ್ನ ಕೈಯಲ್ಲೂ ಮಾಡಿಸಿದರು, ಜಾರುವುದು ಬೆರಳಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಅದು ಜಾರುವ ಮುಂಚೆ ನಟ್ಟು ತಿರುವಿದರೆ ನಟ್ಟು ಓರೆಯಾಗಿ ಹತ್ತಿ ಚೂಡಿ ಕೆಡುತ್ತದೆ. ಶೆಡ್ಡಿನಲ್ಲಿ ಆಗಿದ್ದು ಅದೇ. ನಟ್ಟಿಗೆ ಕೈಬಿಗಿ ಸಾಕು, ಇಕ್ಕಳ ಬೇಡ. ಕೆಲವು ಗಾಡಿಗಳಲ್ಲಿ ನಟ್ಟಿನ ಬದಲು ಒತ್ತಿದರೆ ಕೂರುವ ಪ್ಲಾಸ್ಟಿಕ್ ಕ್ಲಿಪ್ ಇರುತ್ತದೆ. ಅದರ ನಾಲಿಗೆ ಮುರಿದಿದ್ದರೆ ದಾರ ಕಟ್ಟಿಸಬೇಡಿ, ಬದಲಿಸಿ.

ಗ್ರೀಸಿನ ವಿಷಯವನ್ನೂ ಹೇಳಲೇಬೇಕು, ಯಾಕೆಂದರೆ ಅದರಿಂದ ನಮ್ಮ ಮೀಟರೂ ಕೆಟ್ಟಿತು. ಹೊಸೆದ ತಂತಿ ತಿರುಗುವಾಗ ಗ್ರೀಸನ್ನು ತಿರುಪಿನ ಹಾಗೆ ಮೇಲಕ್ಕೆ ಹತ್ತಿಸುತ್ತದೆ. ಜಾಸ್ತಿ ಹಾಕಿದರೆ ಅದು ಮೀಟರ್ ಒಳಗೆ ಹೋಗಿ ಆ ಅಲ್ಯೂಮಿನಿಯಂ ಬಟ್ಟಲಿಗೆ ಮೆತ್ತಿಕೊಳ್ಳುತ್ತದೆ. ತೆಳ್ಳಗೆ ಸವರಬೇಕು, ಮೇಲಿನ ಒಂದು ಗೇಣು ಒಣಗೇ ಇರಬೇಕು. ಇನ್ನು ಕೇಬಲ್ ಹಾದುಹೋಗುವ ದಾರಿ: ಸೈಲೆನ್ಸರ್ ಪೈಪಿಗೆ ತಾಗಬಾರದು, ಕ್ಲಚ್ಚು ಬ್ರೇಕಿನ ಪೆಡಲ್ ಹತ್ತಿರ ನೇತಾಡಬಾರದು, ಎಲ್ಲೂ ಚೂಪಾಗಿ ಮಡಿಚಬಾರದು. ಬಾಡಿಯ ತೂತಿನಲ್ಲಿ ರಬ್ಬರ್ ಬುಷ್ ಇಲ್ಲದಿದ್ದರೆ ತಗಡಿನ ಅಂಚೇ ಕೊಳವೆಯನ್ನು ಕೊಯ್ಯುತ್ತದೆ.

ದಾರಿಯಲ್ಲಿ ಕಳಚಿ, ಕೂರಿಸಲು ಆಗದೇ ಹೋದರೆ ನಾವು ಬಂಕಿನಲ್ಲಿ ಮಾಡಿದಂತೆ ಇನ್ನರನ್ನು ಪೂರ್ತಿ ಎಳೆದು ತೆಗೆಯಿರಿ, ಖಾಲಿ ಕೊಳವೆಯನ್ನು ಪೆಡಲ್‌ಗೆ ಸಿಗದ ಹಾಗೆ ಮೇಲೆ ಕಟ್ಟಿ. ಗೇರ್‌ಬಾಕ್ಸ್ ತುದಿಯನ್ನು ಬಿಚ್ಚಿದರೆ ಆ ಬಾಯಿ ಮುಚ್ಚದೆ ಹೊರಡಬೇಡಿ, ಆಯಿಲ್ ಸೋರುತ್ತದೆ, ಧೂಳು ಒಳಗೆ ಹೋಗುತ್ತದೆ. ಹೊರಡುವ ಮುಂಚೆ ಒಬ್ಬರನ್ನು ಹಿಂದೆ ನಿಲ್ಲಿಸಿ ಲೈಟು ಎಲ್ಲ ನೋಡಿಸಿ. ಮೀಟರ್ ಇಲ್ಲದೆ ತಿಂಗಳುಗಟ್ಟಲೆ ಓಡಿಸುವುದು ಕಾನೂನಿಗೂ ವಿರುದ್ಧ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 117ನೇ ನಿಯಮ ಸ್ಪೀಡೋಮೀಟರ್ ಇರಲೇಬೇಕು ಅನ್ನುತ್ತದೆ.

ಹಳೇ ಗಾಡಿ ಕೊಳ್ಳಲು ಹೊರಟವರಿಗೆ ಒಂದು ಮಾತು. ಕೇಬಲ್ ಕಳಚಿದ್ದಷ್ಟು ದಿನ ಕಿಲೋಮೀಟರ್ ಅಂಕಿ ನಿಂತೇ ಇರುತ್ತದೆ. ಮೀಟರ್ ಹಿಂದಿನ ನಟ್ಟಿನ ಮೇಲೆ ಟೇಪು ಸುತ್ತಿದ್ದರೆ, ಇಕ್ಕಳದ ಹಲ್ಲಿನ ಗುರುತಿದ್ದರೆ, ಆ ಅಂಕಿಯನ್ನು ನಂಬಿ ರೇಟು ಮಾತಾಡಬೇಡಿ. ಪೆಡಲ್, ಸೀಟು, ಸ್ಟೇರಿಂಗ್ ಎಷ್ಟು ಸವೆದಿವೆ ನೋಡಿ, ಸರ್ವಿಸ್ ಬಿಲ್ಲು ಕೇಳಿ.