ನೆಬ್ರಾಸ್ಕಾದ ವೈಭವದ ದಿನಗಳು: 1971 ನೋಡೋದಾ, 1995 ನೋಡೋದಾ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದ ತಂಡಕ್ಕೆ ಎರಡೂ ಸೋಲರಿಯದ ವರ್ಷಗಳೇ. ಕೋಚ್ ಬಾಬ್ ಡಿವೇನಿಯವರ 1971ರ ತಂಡ 13-0 (13 ಗೆಲುವು, ಸೋಲಿಲ್ಲ), ಕೋಚ್ ಟಾಮ್ ಆಸ್ಬಾರ್ನ್ ಅವರ 1995ರ ತಂಡ 12-0.

ಉಸಿರು ಬಿಗಿಹಿಡಿದು ನೋಡುವ ಆಸೆಯಿದ್ದರೆ 1971ರ ಓಕ್ಲಹೋಮಾ ಪಂದ್ಯ ಹಾಕಿ: 35-31. ಜಾನಿ ರಾಜರ್ಸ್ ಪಂಟ್ (ಎದುರಾಳಿ ಒದ್ದು ಕಳಿಸಿದ ಚೆಂಡು) ಹಿಡಿದು, ತಮ್ಮನ್ನು ಕೆಡವುವ ಮೊದಲ ಯತ್ನವನ್ನು ಕೊಡವಿಕೊಂಡು 72 ಗಜ ಓಡಿದ್ದನ್ನು ನಿಧಾನಗತಿಯಲ್ಲಿ ಇನ್ನೊಮ್ಮೆ ನೋಡಲೇಬೇಕು. 1995ರಲ್ಲಿ ಅಂಥ ಪೈಪೋಟಿ ಸಿಗದು. ತೀರಾ ಹತ್ತಿರದ ಗೆಲುವೂ 14 ಅಂಕಗಳದ್ದು.

ಚೆಂಡನ್ನು ಯಾರು ಒಯ್ಯಬೇಕೆಂದು ಓಡುತ್ತಲೇ ನಿರ್ಧರಿಸುವ ಆಪ್ಷನ್ ಆಟ ಅರ್ಥವಾಗಬೇಕೇ? ಆಗ 1995. ದಾಳಿಯನ್ನು ನಡೆಸುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಟಾಮಿ ಫ್ರೇಜರ್ ಅಂಚಿನ ರಕ್ಷಕನತ್ತಲೇ ಓಡುತ್ತಾರೆ. ಆತ ಮೈಮೇಲೆ ಬಂದರೆ ಚೆಂಡು ಪಕ್ಕದ ಓಟಗಾರನಿಗೆ, ಹಿಂಜರಿದರೆ ಫ್ರೇಜರ್ ತಾವೇ ಒಳನುಗ್ಗುತ್ತಾರೆ. ಋತುವಿನ ಕೊನೆಯ ಪಂದ್ಯವಾದ ಫಿಯೆಸ್ಟಾ ಬೌಲ್‌ನಲ್ಲಿ ಫ್ಲಾರಿಡಾ 62-24ರಿಂದ ನೆಲಕಚ್ಚಿತು. ರಕ್ಷಕರನ್ನು ಸಾಲಾಗಿ ಕೊಡವಿಕೊಂಡ ಫ್ರೇಜರ್ ಅವರ ಆ 75 ಗಜದ ಓಟ ಅಬ್ಬಾ!

ಆಟಕ್ಕೆ ಹೊಸಬರಾದರೆ 1995, ನಿಯಮ ಬಲ್ಲವರಿಗೆ ಒಂದೇ ಸಂಜೆ ಬಿಡುವಿದ್ದರೆ 1971.