ಮಡಿಕೇರಿ ಮಳೆಯಲ್ಲಿ ಐಟುಪಿ: ವರ್ಷಗಟ್ಟಲೆ ಬಳಸಿದ ಮೇಲೆ

ಐಟುಪಿ (I2P) ಅಂದರೆ ಯಾರು ಯಾರ ಜೊತೆ ಸಂಪರ್ಕದಲ್ಲಿದ್ದಾರೆ ಎಂಬುದನ್ನು ಮರೆಮಾಡುವ, ಬಳಸುವವರ ಕಂಪ್ಯೂಟರ್‌ಗಳೇ ಸೇರಿ ಕಟ್ಟಿದ ನೆಟ್‌ವರ್ಕ್. ಗುಟ್ಟಾಗಿ ಫೈಲ್ ಹಂಚಲು ಟಾರ್ (ಗುರುತು ಮರೆಸಿ ಇಂಟರ್ನೆಟ್ ಬಳಸುವ ಇನ್ನೊಂದು ನೆಟ್‌ವರ್ಕ್) ಸಾಕಲ್ವಾ ಎಂದು ಸುಮಾರು ಜನ ಕೇಳುತ್ತಾರೆ. ಸಾಲದು. ಟಾರ್ ಮೇಲೆ ಟೊರೆಂಟ್ (ಜನ ಒಬ್ಬರಿಂದೊಬ್ಬರು ನೇರವಾಗಿ ಫೈಲ್ ಪಡೆಯುವ ವಿಧಾನ) ಓಡಿಸಬೇಡಿ ಎಂದು ಟಾರ್‌ನವರೇ 2010ರಲ್ಲಿ ಹೇಳಿದ್ದಾರೆ. ಎಷ್ಟೋ ಟೊರೆಂಟ್ ಸಾಫ್ಟ್‌ವೇರ್‌ಗಳು ನಮ್ಮ ಐಪಿ ವಿಳಾಸವನ್ನು (ಇಂಟರ್ನೆಟ್‌ನಲ್ಲಿ ನಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ತಾವೇ ಬಿಟ್ಟುಕೊಡುತ್ತವೆ. ಐಟುಪಿಯಲ್ಲಿ ಐಟುಪಿಸ್ನಾರ್ಕ್ ಎಂಬ ಟೊರೆಂಟ್ ಸಾಫ್ಟ್‌ವೇರ್ ಜೊತೆಗೇ ಬರುತ್ತದೆ, ಎಲ್ಲ ವ್ಯವಹಾರ ನೆಟ್‌ವರ್ಕ್ ಒಳಗೇ ಮುಗಿಯುತ್ತದೆ.

ನಾನು ಹಂಚುವುದು ನಮ್ಮೂರ ಹಿರಿಯರು ಹುತ್ತರಿಯಲ್ಲಿ ದುಡಿ ಬಡಿದು ಹಾಡಿದ ಹಾಡುಗಳನ್ನು. ಅವರ ಒಪ್ಪಿಗೆ ಪಡೆದೇ ರೆಕಾರ್ಡ್ ಮಾಡಿದ್ದು. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಆದರೆ ಯಾರು ಯಾವ ಹಾಡು ಇಳಿಸಿಕೊಂಡರು ಎಂಬ ಪಟ್ಟಿ ಇಂಟರ್ನೆಟ್ ಕಂಪನಿಗೆ ಯಾಕೆ ಬೇಕು?

ವೇಗ ಕಡಿಮೆ, ಅದಂತೂ ನಿಜ. ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಈ ದಾರಿಗಳಿಗೆ ಸುರಂಗ ಎನ್ನುತ್ತಾರೆ. ಒಂದೊಂದು ಸುರಂಗವೂ ಸಾಮಾನ್ಯವಾಗಿ ಮೂರು ಕಂಪ್ಯೂಟರ್ ದಾಟುತ್ತದೆ, 10 ನಿಮಿಷಕ್ಕೆ ಹಳೆಯದು ಹೋಗಿ ಹೊಸದು ಬರುತ್ತದೆ. ನಮ್ಮ ಕಂಪ್ಯೂಟರ್ ಕೂಡ ಬೇರೆಯವರ ಸುರಂಗಕ್ಕೆ ದಾರಿ ಕೊಡುತ್ತಿರುತ್ತದೆ. ಹಾಗಾಗಿ ಕರೆಂಟ್ ಹೋದರೆ ನಮ್ಮ ಜೊತೆ ಅವರ ಕೊಂಡಿಯೂ ಕಡಿಯುತ್ತದೆ. ಜುಲೈನಲ್ಲಿ ಮರ ಬಿದ್ದು ತಂತಿ ಹರಿಯುವುದು ಇಲ್ಲಿ ಮಾಮೂಲು. ಅದಕ್ಕೇ ಯುಪಿಎಸ್ ಇಟ್ಟಿದ್ದೇನೆ. ಕರೆಂಟ್ ಹೋದ ತಕ್ಷಣ ಐಟುಪಿಯ ಕನ್ಸೋಲ್ (ನಿಯಂತ್ರಣ ಪುಟ) ತೆರೆದು, ನಿಧಾನವಾಗಿ ನಿಲ್ಲಿಸುವ ಬಟನ್ ಒತ್ತುತ್ತೇನೆ. ಹೊಸ ಸುರಂಗ ಒಪ್ಪಿಕೊಳ್ಳುವುದು ನಿಲ್ಲುತ್ತದೆ, ಇರುವವು ಅವಧಿ ಮುಗಿಸುತ್ತವೆ, ಆಮೇಲೆ ತಾನೇ ಆಫ್ ಆಗುತ್ತದೆ. ಈ ಮರ್ಯಾದೆ ನನಗೆ ತುಂಬಾ ಇಷ್ಟ.

ಇದು ಕಳ್ಳರ ಜಾಲ ಎನ್ನುವವರಿಗೆ ಫೈಲ್ ಹಂಚುವ ಸಾಫ್ಟ್‌ವೇರ್ ಕೊಡುತ್ತಿದ್ದ ಗ್ರೋಕ್‌ಸ್ಟರ್ ಕಂಪನಿಯ ಕುರಿತ 2005ರ ತೀರ್ಪು ನೆನಪಿಸುತ್ತೇನೆ. ಅಮೆರಿಕದ ಸುಪ್ರೀಂ ಕೋರ್ಟ್ ಕೇಳಿದ್ದು, ಕಂಪನಿ ಜನರನ್ನು ಕೃತಿಸ್ವಾಮ್ಯ ಉಲ್ಲಂಘನೆಗೆ ಹುರಿದುಂಬಿಸಿತೇ ಎಂದು. ಹುರಿದುಂಬಿಸಿದ್ದಕ್ಕೇ ಅದು ಸೋತಿತು. ಹಂಚುವ ತಂತ್ರಜ್ಞಾನವೇ ಅಪರಾಧ ಎಂದು ಕೋರ್ಟ್ ಹೇಳಲಿಲ್ಲ. ಈ ವ್ಯತ್ಯಾಸ ಉಳಿಯಲೇಬೇಕು. ಹಾಗಂತ ಹೊಸ ಸಿನಿಮಾ ಹಂಚಲು ಇದನ್ನು ಹಾಕಿಕೊಳ್ಳಬೇಡಿ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್‌ನಲ್ಲಿ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ ಇದೆ. ಹೆಸರು ಕಾಣದಿದ್ದರೂ ತಪ್ಪು ತಪ್ಪೇ.

ಫೋನಿನಲ್ಲಿ ಬೇಡ, ಬ್ಯಾಟರಿ ಜಾಸ್ತಿ ತಿನ್ನುತ್ತದೆ. ಹಳೇ ಲ್ಯಾಪ್‌ಟಾಪ್‌ಗೆ ಜಾವಾ ಭಾಷೆಯಲ್ಲಿ ಬರೆದ ಮಾಮೂಲಿ ಐಟುಪಿ ಭಾರವಾದರೆ, ಅದರ ಹಗುರ ರೂಪವಾದ ಐಟುಪಿಡಿ ಹಾಕಿ. ಅದರಲ್ಲಿ ಐಟುಪಿಸ್ನಾರ್ಕ್ ಇರುವುದಿಲ್ಲ, ಟೊರೆಂಟ್ ಸಾಫ್ಟ್‌ವೇರ್ ಬೇರೆ ಜೋಡಿಸಿಕೊಳ್ಳಬೇಕು.